ಮೀನಿನ ಹೊಟ್ಟೆಯ ಪ್ಲಾಸ್ಟಿಕ್ಕು

2025ನೆಯ ಇಸವಿಯ ಮೇ ತಿಂಗಳ 25ನೆಯ ತಾರೀಖಿನಂದು ಎಂ. ಎಸ್. ಸಿ. ಎಲ್ಸಾ 3 ಎಂಬ ಸರಕಿನ ಹಡಗು ಕೇರಳದ ಕಡಲಿನಲ್ಲಿ ಮುಳುಗಿದ ಸಂಗತಿಯನ್ನು ವಾಚಕರು ಮರೆತಿರಲಾರರು. ಅದರ ಮೇಲಿದ್ದ 24 ಜನ ನಾವಿಕರನ್ನೂ ನಮ್ಮ ತಟರಕ್ಷಕ ದಳದವರು ಮತ್ತು ನೌಕಾದಳದವರು ಜೀವಸಹಿತ ಪಾರುಮಾಡಿದರು. ಅದು ಅಭಿನಂದನೀಯವಾದ ಕಾರ್ಯ. ಹಡಗಿನ ಮೇಲೆ 640 ಪೆಟ್ಟಿಗೆಗಳ ಸರಕಿತ್ತು. ಆ ದಿನಗಳಲ್ಲಿ ಎಲ್ಲರ ಬಾಯಲ್ಲಿಯೂ ಹಡಗಿನ ತೈಲದ ಮಾತು, ಪೆಟ್ಟಿಗೆಗಳಲ್ಲಿದ್ದ ಕ್ಯಾಲ್ಸಿಯಂ ಕಾರ್ಬೈಡಿನ ಮಾತು. ಆದರೆ ಕೆಲವು ದಿನಗಳಲ್ಲಿಯೇ ತಿರುವನಂತಪುರದ ಮರಳುದಂಡೆಗೆ ತೆರೆಗಳು ತಂದು ಸುರಿದದ್ದು ಸಾಬೂದಾಣಿಯಷ್ಟು ಗಾತ್ರದ ಬಿಳಿಯ ಕಾಳುಗಳನ್ನು. ಜನರು ಸಾಣಿಗೆ ಹಿಡಿದುಕೊಂಡು ಮರಳನ್ನು ಜರಡಿಯಾಡಿದರು. ಇಂದು ಆರಿಸಿದರೆ ನಾಳೆ ಮತ್ತಷ್ಟು. ನಾಳೆ ಆರಿಸಿದರೆ ನಾಡದು ಮತ್ತಷ್ಟು.

ಆ ಕಾಳುಗಳು ಪ್ಲಾಸ್ಟಿಕ್ ಸಾಮಾನು ಮಾಡುವ ಕಾರಖಾನೆಗಳ ಕಚ್ಚಾ ಮಾಲು. ಜೋಳದಿಂದ ಹಿಟ್ಟು, ಹಿಟ್ಟಿನಿಂದ ರೊಟ್ಟಿ ಆಗುವಂತೆ, ಈ ಕಾಳುಗಳನ್ನು ಕರಗಿಸಿ ಎರಕ ಹೊಯ್ದು ಬಾಟಲಿ, ಬಕೀಟು, ಚೀಲ, ಕೊಳವೆಗಳನ್ನು ಮಾಡುತ್ತಾರೆ. ಆಂಗ್ಲರು ಇವಕ್ಕೆ ನರ್ಡಲ್ ಎನ್ನುತ್ತಾರೆ. ನೀರಿನಲ್ಲಿ ತೇಲುವಾಗ ಇವು ಮೀನಿನ ತತ್ತಿಯನ್ನು ಹೋಲುತ್ತವೆ. ಹೀಗಾಗಿ ಮೀನುಗಳೂ ಕಡಲಹಕ್ಕಿಗಳೂ ಇವನ್ನು ಆಹಾರವೆಂದೇ ನುಂಗುತ್ತವೆ. ಕೇರಳ ಸರಕಾರವು ಹಡಗಿನ ಕಂಪನಿಯಿಂದ 9,531 ಕೋಟಿ ರೂಪಾಯಿ ಪರಿಹಾರ ಬೇಡಿ ಅಲ್ಲಿಯ ಹೈಕೋರ್ಟಿಗೆ ಹೋಯಿತು. ಮೊತ್ತವನ್ನು ಕೇಳಿ ಹುಬ್ಬೇರಿಸಿದವರುಂಟು. ಆದರೆ ನೆರೆಯ ಸಿಂಹಳದವರು ಇದೇ ಸಂಕಟವನ್ನು ನಾಲ್ಕು ವರ್ಷ ಮೊದಲೇ ಉಂಡಿದ್ದರು. 2021ರ ಮೇ ತಿಂಗಳಲ್ಲಿ ಕೊಲಂಬೋ ಬಂದರಿನ ಹೊರಗೆ ಎಕ್ಸ್‌ಪ್ರೆಸ್ ಪರ್ಲ್ ಎಂಬ ಹಡಗಿಗೆ ಬೆಂಕಿ ಹತ್ತಿತು. ಅದರಲ್ಲಿಯ ನೈಟ್ರಿಕ್ ಆಮ್ಲದ ಪೆಟ್ಟಿಗೆಯೊಂದು ದಾರಿಯಲ್ಲಿಯೇ ಸೋರತೊಡಗಿತ್ತು. ಕತಾರದ ಹಮಾದ್ ಬಂದರಿನಲ್ಲಿಯೂ ನಮ್ಮ ಗುಜರಾತದ ಹಜೀರಾ ಬಂದರಿನಲ್ಲಿಯೂ ಅದನ್ನು ಇಳಿಸಿಕೊಳ್ಳಲಿಲ್ಲ. ಹಡಗು ಹೊತ್ತಿ ಉರಿದು ಮುಳುಗಿದಾಗ ಸುಮಾರು 1,680 ಟನ್ನು ಪ್ಲಾಸ್ಟಿಕ್ ಕಾಳು ಸಮುದ್ರದ ಪಾಲಾಯಿತು. ಲೋಕದಲ್ಲಿ ಒಂದೇ ಸಲಕ್ಕೆ ಇಷ್ಟು ಪ್ಲಾಸ್ಟಿಕ್ಕು ಕಡಲಿಗೆ ಬಿದ್ದ ಇನ್ನೊಂದು ಉದಾಹರಣೆ ದಾಖಲೆಯಲ್ಲಿಲ್ಲ. 2025ರ ಜುಲೈದಲ್ಲಿ ಶ್ರೀಲಂಕೆಯ ಸರ್ವೋಚ್ಚ ನ್ಯಾಯಾಲಯವು ಹಡಗಿನವರು ನೂರು ಕೋಟಿ ಡಾಲರು ತೆರಬೇಕೆಂದು ತೀರ್ಪು ಕೊಟ್ಟಿತು. ಚಿಕ್ಕ ದೇಶದ ದೊಡ್ಡ ತೀರ್ಪು.

ಹಡಗು ಮುಳುಗಿದರೆ ಸುದ್ದಿಯಾಗುತ್ತದೆ, ದಾವೆಯಾಗುತ್ತದೆ. ಆದರೆ ಯಾವ ಹಡಗೂ ಮುಳುಗದ ದಿನ ಕಡಲಿಗೆ ಬೀಳುವ ಪ್ಲಾಸ್ಟಿಕ್ಕಿಗೆ ವಾದಿಯೂ ಇಲ್ಲ, ಪ್ರತಿವಾದಿಯೂ ಇಲ್ಲ. 2010ನೆಯ ಒಂದೇ ವರ್ಷದಲ್ಲಿ ಜಗತ್ತಿನ ಕರಾವಳಿಯ ದೇಶಗಳಿಂದ ಸಮುದ್ರಕ್ಕೆ ಹೋದ ಪ್ಲಾಸ್ಟಿಕ್ ಕಸವು 48 ಲಕ್ಷ ಟನ್ನಿಗಿಂತ ಕಡಿಮೆಯಿಲ್ಲ, 1 ಕೋಟಿ 27 ಲಕ್ಷ ಟನ್ನಿಗಿಂತ ಹೆಚ್ಚಿಲ್ಲವೆಂದು ಅಮೇರಿಕೆಯ ವಿದ್ವಾಂಸರು 2015ರಲ್ಲಿ ಅಂದಾಜು ಮಾಡಿದರು. ಕೆಳಗಿನ ಅಂಕಿಯನ್ನೇ ಹಿಡಿದರೂ ಪ್ರತಿದಿನ ಹದಿಮೂರು ಸಾವಿರ ಟನ್ನು ಆಯಿತು; ಅಂದರೆ ಪ್ರತಿದಿನವೂ ಏಳೆಂಟು ಪರ್ಲ್ ಹಡಗುಗಳು ಸದ್ದಿಲ್ಲದೆ ಮುಳುಗಿದಂತೆ.

"ನಾವು ಬಯಲುಸೀಮೆಯವರು, ಕಡಲಿಗೂ ನಮಗೂ ಏನು ಸಂಬಂಧ?" ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಸಂಬಂಧವು ಗಟಾರದಿಂದಲೇ ಆರಂಭವಾಗುತ್ತದೆ. ಧಾರವಾಡವು ಎರಡು ಕಡಲುಗಳ ನಡುವಣ ನೀರಿಳಿತದ ದಿಣ್ಣೆಯ ಮೇಲೆ ಕುಳಿತಿರುವ ಊರು. ಇಲ್ಲಿಯ ಮಳೆಯ ಒಂದು ಪಾಲು ಮೂಡಲಕ್ಕೆ ಹರಿದು ಬಂಗಾಲದ ಉಪಸಾಗರವನ್ನು ಸೇರುತ್ತದೆ. ಇನ್ನೊಂದು ಪಾಲು ಪಡುವಲಕ್ಕೆ ಇಳಿಯುತ್ತದೆ. ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಕೂಡಿ, ಯಲ್ಲಾಪುರದ ಕಾಡು ಹೊಕ್ಕು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಅಂಕೋಲೆ ಗೋಕರ್ಣಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನಮ್ಮ ಪೇಟೆಯ ಗಟಾರಕ್ಕೆ ಎಸೆದ ಹಾಲಿನ ಪಾಕೀಟು ಮಳೆಗಾಲದಲ್ಲಿ ಇದೇ ದಾರಿ ಹಿಡಿಯುತ್ತದೆ. ಬೆಂಗಳೂರಿನವರೂ ನಿಶ್ಚಿಂತರಾಗಿ ಕೂಡುವ ಕಾರಣವಿಲ್ಲ. ಅವರ ವೃಷಭಾವತಿಯು ಅರ್ಕಾವತಿಗೆ, ಅರ್ಕಾವತಿಯು ಕಾವೇರಿಗೆ, ಕಾವೇರಿಯು ಸಮುದ್ರಕ್ಕೆ. ನದಿಯೆಂಬದು ಊರುಗಳ ಪಾಪವನ್ನು ತೊಳೆಯುವದೆಂದು ಹಿರಿಯರು ನಂಬಿದ್ದರು. ಅವರ ಕಾಲದ ಕಸವು ಕೊಳೆತು ಮಣ್ಣಾಗುವಂಥದಾಗಿತ್ತು.

ಇಲ್ಲಿಯೇ ವಿಷಯದ ತಿರುಳಿದೆ. ಪ್ಲಾಸ್ಟಿಕ್ಕು ಹುಟ್ಟಿದ್ದು ಕೇಡಿಗಾಗಿ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಿಲಿಯರ್ಡ್ ಆಟದ ಚೆಂಡುಗಳಿಗಾಗಿ ಆನೆಗಳ ದಂತ ಸಾಲದೆ ಹೋದಾಗ ಅಮೇರಿಕೆಯ ಹಯಾಟ್ ಎಂಬವನು ಸೆಲ್ಯುಲಾಯಿಡನ್ನು ತಯಾರಿಸಿದನು. 1907ರಲ್ಲಿ ಬೇಕ್‌ಲ್ಯಾಂಡ್ ಎಂಬ ರಸಾಯನಶಾಸ್ತ್ರಜ್ಞನು ಬೇಕಲೈಟನ್ನು ಕಂಡುಹಿಡಿದನು. ನಮ್ಮ ಇಂದಿನ ಕೈಚೀಲಗಳ ತಾಯಿಯಾದ ಪಾಲಿಥೀನು 1933ರಲ್ಲಿ ಇಂಗ್ಲಂಡಿನ ಒಂದು ಪ್ರಯೋಗಶಾಲೆಯಲ್ಲಿ ಬಹುಮಟ್ಟಿಗೆ ಆಕಸ್ಮಿಕವಾಗಿ ಹುಟ್ಟಿತು. ಬಡವರ ಮನೆಗೆ ಹಗುರವಾದ ಕೊಡ ಬಂದಿತು, ರೋಗಿಯ ತೋಳಿಗೆ ಶುದ್ಧವಾದ ಸೂಜಿ ಬಂದಿತು. ಇದನ್ನು ನಾವು ಅಲ್ಲಗಳೆಯುವದಿಲ್ಲ. ದೂರದ ಬಾವಿಯಿಂದ ತಾಮ್ರದ ಕೊಡದಲ್ಲಿ ನೀರು ಹೊತ್ತ ಹೆಣ್ಣುಮಕ್ಕಳ ಎದುರಿಗೆ ಪ್ಲಾಸ್ಟಿಕ್ಕನ್ನು ನಿಂದಿಸುವ ಧೈರ್ಯ ನಮಗಿಲ್ಲ. ಆದರೆ 1950ರಲ್ಲಿ ಇಡೀ ಜಗತ್ತು ತಯಾರಿಸಿದ ಪ್ಲಾಸ್ಟಿಕ್ಕು ಸುಮಾರು 20 ಲಕ್ಷ ಟನ್ನು. ಈಗ ಅದು ವರ್ಷಕ್ಕೆ 40 ಕೋಟಿ ಟನ್ನನ್ನು ಮೀರಿದೆ. 2015ರ ವರೆಗೆ ಮನುಷ್ಯನು ಮಾಡಿದ ಒಟ್ಟು ಪ್ಲಾಸ್ಟಿಕ್ಕು 830 ಕೋಟಿ ಟನ್ನು ಎಂದು ಲೆಕ್ಕ ಹಾಕಿದ್ದಾರೆ. ಅದರಲ್ಲಿ ಕಸವಾಗಿ ಹೋದ ಭಾಗದಲ್ಲಿ ನೂರಕ್ಕೆ 9 ಪಾಲು ಮಾತ್ರ ಮರುಬಳಕೆಗೆ ಬಂದಿತು, 12 ಪಾಲು ಸುಟ್ಟುಹೋಯಿತು, ಉಳಿದ 79 ಪಾಲು ತಿಪ್ಪೆಗಳಲ್ಲಿಯೋ ನೆಲಜಲಗಳಲ್ಲಿಯೋ ಬಿದ್ದಿದೆ. ಒಂದು ಗಳಿಗೆಯ ಉಪಯೋಗಕ್ಕೆ ಶತಮಾನಗಳ ಬಾಳಿಕೆಯ ವಸ್ತುವನ್ನು ಬಳಸಿದ್ದೇ ಅನರ್ಥದ ಮೂಲ. ಕೊತ್ತಂಬರಿ ಸಿವುಡನ್ನು ಪೇಟೆಯಿಂದ ಮನೆಗೆ ತರಲು ನಮಗೆ ಶಾಶ್ವತವಾದ ಚೀಲವೇಕೆ?

ಪ್ಲಾಸ್ಟಿಕ್ಕು ಕೊಳೆಯುವದಿಲ್ಲ, ಒಡೆಯುತ್ತದೆ. ಬಿಸಿಲು ಅದನ್ನು ಗಡುಸುಗೊಳಿಸುತ್ತದೆ, ತೆರೆಗಳು ಮರಳಿಗೆ ತಿಕ್ಕಿ ಪುಡಿಮಾಡುತ್ತವೆ. ಚೂರು ಐದು ಮಿಲಿಮೀಟರಿಗಿಂತ ಚಿಕ್ಕದಾದರೆ ಅದಕ್ಕೆ ಸೂಕ್ಷ್ಮಪ್ಲಾಸ್ಟಿಕ್ಕೆಂದು ಶಾಸ್ತ್ರಜ್ಞರು ಹೆಸರಿಟ್ಟಿದ್ದಾರೆ. ಈ ಸಂಗತಿಯು ನಿನ್ನೆ ಮೊನ್ನೆ ತಿಳಿದದ್ದಲ್ಲ. 1972ರಲ್ಲಿಯೇ ಕಾರ್ಪೆಂಟರ್ ಮತ್ತು ಸ್ಮಿತ್ ಎಂಬಿಬ್ಬರು ಅಟ್ಲಾಂಟಿಕದ ಸರ್ಗಾಸೋ ಕಡಲಿನ ಮೇಲೆ ಪ್ಲಾಸ್ಟಿಕ್ ಕಾಳು ತೇಲುವದನ್ನು ಕಂಡು ಪ್ರಕಟಿಸಿದ್ದರು, ಯಾರೂ ಕಿವಿಗೊಡಲಿಲ್ಲ. 1997ರಲ್ಲಿ ಚಾರ್ಲ್ಸ್ ಮೂರ್ ಎಂಬ ನಾವಿಕನು ಪ್ರಶಾಂತ ಮಹಾಸಾಗರವನ್ನು ದಾಟುವಾಗ ದಿನಗಟ್ಟಲೆ ಕಸದ ನಡುವೆಯೇ ಸಾಗಿದನು. 2004ರಲ್ಲಿ ಇಂಗ್ಲಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಥಾಂಪ್ಸನ್ನರು ಕಡಲದಂಡೆಯ ಮರಳಿನಲ್ಲಿ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಪುಡಿಯನ್ನು ಎಣಿಸಿ ತೋರಿಸಿದ ಮೇಲೆಯೇ ಲೋಕವು ಎಚ್ಚತ್ತಿತು. ಅಷ್ಟರಲ್ಲಿ ಅದು ಪಾತಾಳವನ್ನೂ ಮುಟ್ಟಿತ್ತು. ಸುಮಾರು ಹನ್ನೊಂದು ಕಿಲೋಮೀಟರು ಆಳದ ಮರಿಯಾನಾ ಕಂದಕದಲ್ಲಿ ಬದುಕುವ ಸಿಗಡಿಯಂಥ ಹುಳುಗಳ ಕರುಳಿನಲ್ಲಿ ಪ್ಲಾಸ್ಟಿಕ್ ನೂಲು ಸಿಕ್ಕಿದೆ.

ನೂಲಿನ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಪಾಲಿಯೆಸ್ಟರು, ನಾಯಲಾನು, ಅಕ್ರಿಲಿಕ್ಕು ಇವೆಲ್ಲ ಪ್ಲಾಸ್ಟಿಕ್ಕಿನ ನೂಲುಗಳೇ. ಆರು ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಯಂತ್ರದಲ್ಲಿ ಒಮ್ಮೆ ಒಗೆದರೆ ಏಳು ಲಕ್ಷ ಎಳೆಗಳು ಉದುರಿ ನೀರಿನೊಡನೆ ಹೊರಬೀಳಬಹುದೆಂದು ಪ್ಲಿಮತ್ತಿನವರೇ 2016ರಲ್ಲಿ ಅಳೆದು ತೋರಿಸಿದರು. ನಮ್ಮ ಕೇಂದ್ರ ಸರಕಾರವು 2022ರ ಜುಲೈ 1ರಿಂದ ಪ್ಲಾಸ್ಟಿಕ್ ಧ್ವಜಗಳನ್ನು ನಿಷೇಧಿಸಿತು, ಸರಿಯಾದ ಕೆಲಸ. ಆದರೆ ಅದಕ್ಕೆ ಆರು ತಿಂಗಳು ಮೊದಲು, 2021ರ ಡಿಸೆಂಬರದಲ್ಲಿ, ಅದೇ ಸರಕಾರವು ಧ್ವಜಸಂಹಿತೆಯನ್ನು ತಿದ್ದಿ ಪಾಲಿಯೆಸ್ಟರ್ ರಾಷ್ಟ್ರಧ್ವಜಕ್ಕೆ ಬಾಗಿಲು ತೆರೆದಿತ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ಧ್ವಜವನ್ನು ನೇಯಿಸಿ ಹೊಲಿಯುವ ತಾಯಂದಿರಿಗೆ ಇದರ ಅರ್ಥವನ್ನು ಯಾರು ಬಿಡಿಸಿ ಹೇಳುವರೋ ನಾವು ಅರಿಯೆವು.

ಇನ್ನು ಊಟದ ತಟ್ಟೆಗೆ ಬರೋಣ. ಕಡಲಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಮೇಲೆ ಪಾಚಿ ಬೆಳೆದಾಗ ಅದಕ್ಕೆ ಕಡಲ ಆಹಾರದ ವಾಸನೆಯೇ ಬರುತ್ತದೆ. ಹಕ್ಕಿ ಮೀನುಗಳು ಕಣ್ಣಿನಿಂದಷ್ಟೇ ಅಲ್ಲ, ಮೂಗಿನಿಂದಲೂ ಮೋಸಹೋಗುತ್ತವೆ. 2019ರ ಮಾರ್ಚದಲ್ಲಿ ಫಿಲಿಪ್ಪೈನ್ಸ್ ದ್ವೀಪಗಳಲ್ಲಿ ಸತ್ತುಬಿದ್ದ ಒಂದು ತಿಮಿಂಗಿಲದ ಹೊಟ್ಟೆಯಲ್ಲಿ 40 ಕಿಲೋ ಪ್ಲಾಸ್ಟಿಕ್ಕು ಸಿಕ್ಕಿತು. ತಿಮಿಂಗಿಲವನ್ನು ನಾವು ಉಣ್ಣುವದಿಲ್ಲ. ಆದರೆ ಇಂಡೊನೇಶಿಯದ ಮಕಸ್ಸಾರ ಪೇಟೆಯಲ್ಲಿ ಮಾರುವ ಮೀನುಗಳನ್ನು ಸೀಳಿ ನೋಡಿದಾಗ ನೂರಕ್ಕೆ 28ರ ಹೊಟ್ಟೆಯಲ್ಲಿ ಮನುಷ್ಯನ ಕಸವಿತ್ತು. ಕ್ಯಾಲಿಫೋರ್ನಿಯದ ಪೇಟೆಯಲ್ಲಿ ನೂರಕ್ಕೆ 25. ಇದು 2015ರಲ್ಲಿ ಪ್ರಕಟವಾದ ಲೆಕ್ಕ. ಇಂಡೊನೇಶಿಯದ ಮೀನಿನಲ್ಲಿ ಸಿಕ್ಕದ್ದು ಹೆಚ್ಚಾಗಿ ಪ್ಲಾಸ್ಟಿಕ್ ಚೂರು, ಅಮೇರಿಕೆಯದರಲ್ಲಿ ಬಟ್ಟೆಯ ನೂಲು. ಬಡವರ ಕಡಲಿಗೆ ಚೀಲದ ಚೂರು, ಶ್ರೀಮಂತರ ಕಡಲಿಗೆ ಒಗೆಯುವ ಯಂತ್ರದ ನೂಲು! ನಮ್ಮ ದೇಶದಲ್ಲಿ ಕೊಚ್ಚಿಯ ಕೇಂದ್ರೀಯ ಮತ್ಸ್ಯ ತಂತ್ರಜ್ಞಾನ ಸಂಸ್ಥೆಯವರು 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 41 ಮೀನುಗಳ ಕರುಳು ಕಿವಿರುಗಳಲ್ಲಿ ಸೂಕ್ಷ್ಮಪ್ಲಾಸ್ಟಿಕ್ಕು ಕಂಡಿತು. ತಿನ್ನುವ ಮಾಂಸಭಾಗದಲ್ಲಿ ಕಂಡದ್ದು ನೂರಕ್ಕೆ ಸುಮಾರು 7ರಲ್ಲಿ ಮಾತ್ರ.

ಈ 41 ಮತ್ತು 7ರ ಅಂತರವನ್ನು ವಾಚಕರು ಲಕ್ಷ್ಯವಿಟ್ಟು ಗಮನಿಸಬೇಕು. ನಮ್ಮ ಕರಾವಳಿಯ ಗೃಹಿಣಿಯರು ಬಂಗುಡೆಯನ್ನು ಸೀಳಿ, ಕರುಳು ಕಿವಿರು ತೆಗೆದು, ಮೂರು ನೀರಿನಲ್ಲಿ ತೊಳೆದ ಮೇಲೆಯೇ ಒಲೆಯ ಮೇಲೆ ಇಡುತ್ತಾರೆ. ಅವರ ಅಜ್ಜಿಯರು ಕಲಿಸಿದ ಈ ಪದ್ಧತಿಯಿಂದಲೇ ಪ್ಲಾಸ್ಟಿಕ್ಕಿನ ಬಹುಪಾಲು ತಟ್ಟೆಗೆ ಬಾರದೆ ಹೋಗುತ್ತದೆ. ಆತಂಕವಿರುವದು ಕರುಳುಸಹಿತವಾಗಿ ಒಣಗಿಸುವ ಚಿಕ್ಕ ಮೀನುಗಳಲ್ಲಿ, ಮತ್ತು ನೀಲಿಕಲ್ಲು, ಬಳಚುಗಳಂಥ ಚಿಪ್ಪಿನ ಪ್ರಾಣಿಗಳಲ್ಲಿ. ಇವು ಕಡಲ ನೀರನ್ನು ಹಗಲಿರುಳು ಸೋಸಿ ಅದರಲ್ಲಿಯ ಕಣಗಳನ್ನು ಉಂಡು ಬದುಕುತ್ತವೆ. ನಾವು ಅವನ್ನು ಇಡಿಯಾಗಿ ಉಣ್ಣುತ್ತೇವೆ. ಯುರೋಪದ ಆಹಾರ ಸುರಕ್ಷಾ ಪ್ರಾಧಿಕಾರದವರು 2016ರಲ್ಲಿ ಮಾಡಿದ ಲೆಕ್ಕದಂತೆ 225 ಗ್ರಾಂ ನೀಲಿಕಲ್ಲಿನ ಒಂದು ಊಟದಲ್ಲಿ 900 ಕಣಗಳವರೆಗೆ ಇರಬಹುದು. ತೂಕದಲ್ಲಿ ಅದು ಏಳು ಮೈಕ್ರೊಗ್ರಾಂ ಮಾತ್ರ, ಕಣ್ಣಿಗೆ ಕಾಣದಷ್ಟು.

ಅದು ದೇಹಕ್ಕೆ ಏನು ಮಾಡುತ್ತದೆ? ಇಲ್ಲಿ ನಾವು ಪತ್ರಿಕಾಧರ್ಮವನ್ನು ಮರೆಯದೆ ತೂಗಿ ಮಾತಾಡಬೇಕಾಗಿದೆ. ಏಕೆಂದರೆ ಹೆದರಿಸಿ ಮಾರುವ ಸುದ್ದಿಗಳು ಈ ವಿಷಯದಲ್ಲಿ ಬಹಳ. ಮನುಷ್ಯರ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳು ಸಿಕ್ಕಿರುವದಾಗಿ 2022ರಲ್ಲಿ ಡಚ್ ಶಾಸ್ತ್ರಜ್ಞರು ಪ್ರಕಟಿಸಿದರು. ಪರೀಕ್ಷಿಸಿದ 22 ಜನರಲ್ಲಿ 17 ಜನರ ರಕ್ತದಲ್ಲಿ ಇದ್ದವು. 2024ರಲ್ಲಿ ಇಟಲಿಯ ವೈದ್ಯರು ಕೊರಳಿನ ರಕ್ತನಾಳದ ಶಸ್ತ್ರಕ್ರಿಯೆಯಾದ 257 ರೋಗಿಗಳನ್ನು ಸುಮಾರು ಮೂರು ವರ್ಷ ಹಿಂಬಾಲಿಸಿ ನೋಡಿದರು. ಅವರಲ್ಲಿ 150 ಜನರ ನಾಳದ ಕೊಬ್ಬಿನ ಪೊರೆಯಲ್ಲಿ ಪಾಲಿಥೀನು ಇತ್ತು. ಪ್ಲಾಸ್ಟಿಕ್ಕು ಕಂಡುಬಂದವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಮರಣದ ಗಂಡಾಂತರವು ಕಾಣದವರಿಗಿಂತ ನಾಲ್ಕೂವರೆ ಪಟ್ಟು ಹೆಚ್ಚಾಗಿತ್ತು. ಎರಡೂ ಜೊತೆಯಾಗಿ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವದಿಲ್ಲವೆಂದು ಆ ವೈದ್ಯರೇ ಎಚ್ಚರಿಸಿದ್ದಾರೆ. ಆದರೂ ಅಲಕ್ಷಿಸುವಂಥ ಸಂಗತಿಯಲ್ಲ. ಅದಲ್ಲದೆ ಪ್ಲಾಸ್ಟಿಕ್ ಕಾಳುಗಳು ಕಡಲ ನೀರಿನಲ್ಲಿಯ ಡಿ. ಡಿ. ಟಿ. ಸಂತತಿಯ ವಿಷಗಳನ್ನು ಹೀರಿ ನೀರಿನಲ್ಲಿರುವದಕ್ಕಿಂತ ಲಕ್ಷದಿಂದ ಹತ್ತು ಲಕ್ಷ ಪಾಲು ಹೆಚ್ಚಾಗಿ ಕೂಡಿಹಾಕಬಲ್ಲವೆಂದು 2001ರಲ್ಲಿಯೇ ಜಪಾನದವರು ತೋರಿಸಿದ್ದಾರೆ.

ಹಾಗೆಂದು ಮೀನನ್ನು ಬಿಡಬೇಕೆ? ಬಿಡಬಾರದೆಂಬದೇ ನಮ್ಮ ಸ್ಪಷ್ಟ ಅಭಿಪ್ರಾಯ. ಸ್ಕಾಟ್ಲಂಡಿನ ಸಂಶೋಧಕರು 2018ರಲ್ಲಿ ಒಂದು ವಿನೋದವಾದ ಪರೀಕ್ಷೆ ಮಾಡಿದರು. ನೀಲಿಕಲ್ಲಿನ ಊಟದಿಂದ ಹೊಟ್ಟೆಗೆ ಹೋಗುವ ಪ್ಲಾಸ್ಟಿಕ್ ನೂಲಿಗಿಂತ, ಉಣ್ಣುವ ಹೊತ್ತಿನಲ್ಲಿ ಮನೆಯ ಪರದೆ ಗಾದಿಗಳಿಂದ ಉದುರಿ ತಟ್ಟೆಗೆ ಬೀಳುವ ಧೂಳಿನ ನೂಲೇ ಎಷ್ಟೋ ಪಟ್ಟು ಹೆಚ್ಚೆಂದು ಅವರಿಗೆ ಕಂಡಿತು. ಮೀನು ಬಡವನ ಪುಷ್ಟಿ. ತಾರ್ಲೆ ಬಂಗುಡೆಗಳನ್ನು ಬಿಟ್ಟರೆ ಅಷ್ಟು ಅಗ್ಗದಲ್ಲಿ ಅಂಥ ಸತ್ವವುಳ್ಳ ಪದಾರ್ಥವು ಕರಾವಳಿಯ ಕೂಲಿಯವನಿಗೆ ಎಲ್ಲಿಂದ ಸಿಕ್ಕೀತು? ಎಲ್ಸಾ ಹಡಗು ಮುಳುಗಿದಾಗ ಕೇರಳದ ಜನರು ಮೀನು ಕೊಳ್ಳಲು ಅಂಜಿದರು. ಹಡಗಿನ ಯಜಮಾನನು ಮಾಡಿದ ತಪ್ಪಿಗೆ ದೋಣಿಯ ಬೆಸ್ತನು ದಂಡ ತೆತ್ತನು. ವಿಷಯವನ್ನು ಬರೆಯುವ ನಮ್ಮಂಥವರ ಲೇಖನಿಯಿಂದಲೂ ಅದೇ ಅನ್ಯಾಯ ಆಗಕೂಡದು.

ನಮ್ಮ ಓದುಗರಲ್ಲಿ ಮೀನು ಮುಟ್ಟದವರು ಬಹುಜನರಿದ್ದಾರೆ. ಅವರು ಇಷ್ಟು ಹೊತ್ತು ಪರರ ಸಂಕಟವನ್ನು ಓದಿದಂತೆ ನಿರಾಳವಾಗಿ ಓದಿರಬಹುದು. ಅವರ ಎಲೆಯ ಮೊದಲ ಪದಾರ್ಥವೇ ಉಪ್ಪು. ಮುಂಬಯಿಯ ಐ. ಐ. ಟಿ. ಯವರು 2018ರಲ್ಲಿ ನಮ್ಮ ದೇಶದ ಸಮುದ್ರದ ಉಪ್ಪನ್ನು ಪರೀಕ್ಷಿಸಿ ಅದರಲ್ಲಿ ಪ್ಲಾಸ್ಟಿಕ್ ಕಣಗಳನ್ನು ಕಂಡರು. 1930ರಲ್ಲಿ ಅಂಕೋಲೆಯ ದಂಡೆಯಲ್ಲಿ ನಮ್ಮ ಜನರು ಲಾಠಿಯ ಎದುರಿಗೆ ನಿಂತು ತೆಗೆದದ್ದು ಇದೇ ಸಮುದ್ರದ ಉಪ್ಪು. ಸರಕಾರದ ಕರವನ್ನು ಅವರು ಮುರಿದರು, ಪ್ಲಾಸ್ಟಿಕ್ಕಿನ ಕರವನ್ನು ಈಗ ಎಲ್ಲರೂ ಮಾತಿಲ್ಲದೆ ತೆರುತ್ತಿದ್ದೇವೆ. ಸಮಾಧಾನದ ಮಾತೂ ಆ ಪರೀಕ್ಷೆಯಲ್ಲಿಯೇ ಇದೆ. ಉಪ್ಪಾಗುವ ಮೊದಲು ಕಡಲ ನೀರನ್ನು ಮರಳಿನಲ್ಲಿ ಸೋಸಿದರೆ ತೂಕದಲ್ಲಿ ನೂರಕ್ಕೆ 85 ಪಾಲು ಪ್ಲಾಸ್ಟಿಕ್ಕನ್ನು ತಡೆಯಬಹುದೆಂದು ಅವರು ತೋರಿಸಿದರು. ಮರಳಿಗೆ ಪೇಟೆಂಟು ಇಲ್ಲ, ಪರದೇಶದಿಂದ ತರಿಸಬೇಕಾಗಿಯೂ ಇಲ್ಲ.

ಇನ್ನು ಸರಕಾರಗಳ ಮಾತು. ಕಾಯದೆಯ ಕೊರತೆ ನಮ್ಮಲ್ಲಿಲ್ಲ. ಕರ್ನಾಟಕ ಸರಕಾರವು 2016ರ ಮಾರ್ಚದಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಕೇಂದ್ರದ ನಿಯಮಗಳು ಅದೇ ವರ್ಷ ಬಂದವು. 2022ರ ಜುಲೈದಿಂದ ಒಂದೇ ಸಲ ಬಳಸಿ ಎಸೆಯುವ ಅನೇಕ ಸಾಮಾನುಗಳು ದೇಶದಲ್ಲೆಲ್ಲ ನಿಷಿದ್ಧವಾದವು. ಅದೇ ವರ್ಷದ ಕೊನೆಯಿಂದ 120 ಮೈಕ್ರಾನಿಗಿಂತ ತೆಳುವಾದ ಕೈಚೀಲಗಳೂ ನಿಷಿದ್ಧ. ಇಷ್ಟಾದ ಮೇಲೆಯೂ ಯಾವ ಸಂತೆಯಲ್ಲಿ ತೆಳು ಚೀಲ ಸಿಗುವದಿಲ್ಲ, ಅಧಿಕಾರಿಗಳೇ ಹೇಳಲಿ. ಪಾಲಿಕೆಯವರು ವರ್ಷಕ್ಕೊಮ್ಮೆ ತಳ್ಳುಗಾಡಿಯ ಬಾಳೆಹಣ್ಣಿನವನಿಗೆ ದಂಡ ಹಾಕಿ ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಚೀಲವನ್ನು ಊದುವ ಕಾರಖಾನೆಗೆ ಬಾಗಿಲಿದೆ, ವಿದ್ಯುತ್ತಿನ ಮೀಟರಿದೆ, ತೆರಿಗೆಯ ನಂಬರಿದೆ. ಅದನ್ನು ಹುಡುಕುವದು ತಳ್ಳುಗಾಡಿಯನ್ನು ಹುಡುಕುವದಕ್ಕಿಂತ ಕಠಿಣವೆಂದು ಯಾರೂ ನಂಬಲಾರರು.

ಲೋಕಮಟ್ಟದಲ್ಲಿಯೂ ಕತೆ ಬೇರೆಯಲ್ಲ. 2022ರ ಮಾರ್ಚದಲ್ಲಿ ನೈರೋಬಿಯಲ್ಲಿ ಸಂಯುಕ್ತ ರಾಷ್ಟ್ರಗಳು ಪ್ಲಾಸ್ಟಿಕ್ಕಿನ ಬಗೆಗೆ ಕಟ್ಟುನಿಟ್ಟಿನ ಒಪ್ಪಂದ ಮಾಡಿಕೊಳ್ಳುವದೆಂದು ನಿಶ್ಚಯಿಸಿದವು. 2024ರ ಕೊನೆಗೆ ಬುಸಾನದಲ್ಲಿ ಮಾತು ಮುರಿಯಿತು; 2025ರ ಆಗಸ್ಟದಲ್ಲಿ ಜಿನೀವಾದಲ್ಲಿ ಮತ್ತೆ ಮುರಿಯಿತು. ಪ್ಲಾಸ್ಟಿಕ್ಕಿನ ತಯಾರಿಕೆಗೇ ಮಿತಿ ಹಾಕಬೇಕೆಂದು ನೂರು ದೇಶಗಳು. ಕಸವನ್ನು ಗುಡಿಸಿದರೆ ಸಾಕು, ತಯಾರಿಕೆಯ ಗೊಡವೆ ಬೇಡವೆಂದು ಖನಿಜತೈಲದ ದೇಶಗಳು. ಖೇದದ ಸಂಗತಿಯೆಂದರೆ ನಮ್ಮ ದೇಶದ ಪ್ರತಿನಿಧಿಗಳೂ ತಯಾರಿಕೆಯ ಮಿತಿಯನ್ನು ಒಪ್ಪಲಿಲ್ಲ. ಅವರ ವಾದಕ್ಕೆ ಬುಡವಿಲ್ಲವೆಂದು ನಾವು ಅನ್ನುವದಿಲ್ಲ. ತಲೆಗೆ ಎಣಿಸಿದರೆ ಅಮೇರಿಕೆಯವನು ಬಳಸುವ ಪ್ಲಾಸ್ಟಿಕ್ಕಿನ ಚಿಕ್ಕ ಪಾಲನ್ನು ಮಾತ್ರ ನಮ್ಮವನು ಬಳಸುತ್ತಾನೆ. ಶ್ರೀಮಂತ ದೇಶಗಳು ಉಂಡು ಕೈತೊಳೆದ ಮೇಲೆ ನಮಗೆ ಉಪವಾಸ ಬೋಧಿಸುವದು ನ್ಯಾಯವಲ್ಲ. ಆದರೆ ಕಡಲು ತಲೆಯೆಣಿಕೆ ಮಾಡುವದಿಲ್ಲ. ಎಲ್ಸಾದ ಕಾಳು ಬಿದ್ದದ್ದು ಜಿನೀವಾದ ಸರೋವರಕ್ಕಲ್ಲ, ನಮ್ಮ ಬೆಸ್ತರ ಬಲೆಗೆ. ಹೆಚ್ಚು ಬಳಸಿದವರು ಮೊದಲು ಕಡಿಮೆ ಮಾಡಲಿ ಎಂದು ಪಟ್ಟುಹಿಡಿದು, ಮಿತಿಯೊಳಗೆ ನಮ್ಮ ಪಾಲನ್ನು ಕೇಳಿ ಪಡೆಯುವದು ಒಂದು ಮಾತು. ಮಿತಿಯೇ ಬೇಡವೆಂದು ತೈಲದ ಒಡೆಯರ ಪಕ್ಕದಲ್ಲಿ ಕೂಡುವದು ಇನ್ನೊಂದು ಮಾತು. ಏಳು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಕಡಲದಂಡೆಯುಳ್ಳ ದೇಶಕ್ಕೆ ಎರಡನೆಯದು ಶೋಭಿಸುವದಿಲ್ಲ.

ಒಳ್ಳೆಯ ಸುದ್ದಿಯೂ ಒಂದಿದೆ. ನಮ್ಮ ಆಹಾರ ಸುರಕ್ಷಾ ಪ್ರಾಧಿಕಾರದವರು 2024ರಲ್ಲಿ ಲಖನೌ, ಕೊಚ್ಚಿ ಮತ್ತು ಪಿಲಾನಿಯ ವಿದ್ವಾಂಸರನ್ನು ಕೂಡಿಸಿ ಆಹಾರದಲ್ಲಿಯ ಸೂಕ್ಷ್ಮಪ್ಲಾಸ್ಟಿಕ್ಕನ್ನು ಅಳೆಯುವ ಕೆಲಸಕ್ಕೆ ಕೈಹಾಕಿದರು. ಅಳೆಯುವ ಒಂದೇ ಕೋಲು ಇಲ್ಲದೆ ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಲೆಕ್ಕಕ್ಕೆ ಹೋಲಿಸಲು ಬಾರದು. ಆದ್ದರಿಂದ ಈ ಕೆಲಸವು ಶುಷ್ಕವಾಗಿ ಕಂಡರೂ ಅಗತ್ಯವಾದದ್ದು. ಮಲ್ಪೆ, ಮಂಗಳೂರು, ಕಾರವಾರಗಳ ಮೀನೂ ಅದರಲ್ಲಿ ಸೇರಬೇಕೆಂದು ನಮ್ಮ ಮೀನುಗಾರಿಕೆ ಖಾತೆಯವರು ಕೇಳಬೇಕು.

ಆದರೆ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಕೊಲ್ಲಮ್ಮಿನ ಬೆಸ್ತರು ಮಾಡಿದ ಕೆಲಸ. ಬಲೆಯೆಳೆದಾಗ ಮೀನಿನೊಡನೆ ಬರುವ ಪ್ಲಾಸ್ಟಿಕ್ಕನ್ನು ಅವರೂ ಎಲ್ಲರಂತೆ ಮರಳಿ ಕಡಲಿಗೇ ಎಸೆಯುತ್ತಿದ್ದರು. ದಂಡೆಗೆ ತಂದರೆ ಅದನ್ನು ಕೊಳ್ಳುವವರು ಯಾರು? 2017ರಲ್ಲಿ ಕೇರಳ ಸರಕಾರವು ಶುಚಿತ್ವ ಸಾಗರಂ ಎಂಬ ಯೋಜನೆಯಿಂದ ದೋಣಿಗಳಿಗೆ ಚೀಲ ಕೊಟ್ಟಿತು. ತಂದ ಕಸವನ್ನು ದಂಡೆಯಲ್ಲಿ ಹೆಂಗಸರು ತೊಳೆದು ಬೇರ್ಪಡಿಸುವರು, ಯಂತ್ರವು ಚೂರುಮಾಡುವದು, ಚೂರು ಡಾಂಬರಿನೊಡನೆ ರಸ್ತೆಗೆ ಹೋಗುವದು. ಕಡಲೆಲ್ಲ ಇದರಿಂದ ಶುದ್ಧವಾಯಿತೆಂದು ಹೇಳುವಷ್ಟು ಮುಗ್ಧರು ನಾವಲ್ಲ. ಆದರೆ ಒಮ್ಮೆ ಮೇಲೆ ಬಂದ ಪ್ಲಾಸ್ಟಿಕ್ಕು ಎರಡನೆಯ ಸಲ ಕಡಲಿಗೆ ಬೀಳಲಿಲ್ಲ. ಹರಿದ ನಾಯಲಾನ್ ಬಲೆಗಳಿಗೂ ಇದೇ ಉಪಾಯ ಸಲ್ಲುತ್ತದೆ. ಪ್ರಶಾಂತ ಸಾಗರದ ಆ ದೊಡ್ಡ ಕಸದ ರಾಶಿಯ ತೂಕದಲ್ಲಿ ನೂರಕ್ಕೆ 46 ಪಾಲು ಬರಿಯ ಬಲೆಗಳೇ ಎಂದು 2018ರಲ್ಲಿ ಕಂಡಿದ್ದಾರೆ. ಹತ್ತಿ ಸಣಬುಗಳ ಬಲೆ ಕಡಲಿನಲ್ಲಿ ಕಳೆದುಹೋದರೆ ಕೊಳೆಯುತ್ತಿತ್ತು. ನಾಯಲಾನ್ ಬಲೆಯು ಒಡೆಯನಿಲ್ಲದೆಯೂ ವರ್ಷಗಟ್ಟಲೆ ಮೀನು ಹಿಡಿದು ಕೊಲ್ಲುತ್ತಲೇ ಇರುತ್ತದೆ. ಹಳೆಯ ಬಲೆಯನ್ನು ದಂಡೆಗೆ ತಂದವನಿಗೆ ಕಿಲೋಕ್ಕೆ ಇಷ್ಟೆಂದು ರೊಕ್ಕ ಕೊಟ್ಟರೆ ಯಾವ ಬೆಸ್ತನೂ ಅದನ್ನು ನೀರಿಗೆ ಬಿಡಲಾರನು.

ನಮ್ಮ ಸರಕಾರವು ಮಲ್ಪೆಯ ಧಕ್ಕೆಯಲ್ಲಿ ಇದನ್ನು ಆರಂಭಿಸಲು ಮಳೆಗಾಲದ ಮೀನುಗಾರಿಕೆಯ ರಜೆಯೇ ಒಳ್ಳೆಯ ಕಾಲ. ದೋಣಿಗಳು ದಂಡೆಯಲ್ಲಿರುತ್ತವೆ, ಬಲೆಗಳನ್ನು ಆಗಲೇ ಸೋಸಿ ಹೊಲಿಯುತ್ತಾರೆ. ಒಂದು ತಕ್ಕಡಿ, ಒಂದು ವಹಿ, ಒಬ್ಬ ಕಾರಕೂನ, ದಿನದ ರೊಕ್ಕ ದಿನವೇ ಕೊಡುವ ಏರ್ಪಾಡು, ಇಷ್ಟು ಸಾಕು.